ಜಾಲರಿಗೂ ಹಾಸು ಹೊಕ್ಕು ಇದೆ

ಹೊಲಿಗೆ ಯಂತ್ರದ ಮುಂದೆ ಕುಳಿತವರ ಕಾಲು ಸೊಳ್ಳೆಗೆ ಇಟ್ಟ ಎಡೆ. ಕೈಯೂ ಕಣ್ಣೂ ಮೇಲೆ ಸೂಜಿಯ ಹತ್ತಿರ ಸಿಕ್ಕಿಕೊಂಡಿರುತ್ತವೆ, ಕೆಳಗೆ ಪೆಡಲಿನ ಮೇಲೆ ಹಿಮ್ಮಡಿ ಬಯಲಾಗಿರುತ್ತದೆ. ಕಚ್ಚಿತೆಂದು ಕಾಲು ಒದರಿದರೆ ಹೊಲಿಗೆ ಓರೆಯಾಗುತ್ತದೆ. ಚಿತ್ರದುರ್ಗದ ಕೋಟೆಯ ಕೆಳಗಿನ ಒಂದು ಬೀದಿಯಲ್ಲಿ, ಮನೆಯ ವರಾಂಡದಲ್ಲೇ ಕುಳಿತು 18 ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಅಷ್ಟು ವರ್ಷವೂ ಬೇವಿನ ಎಣ್ಣೆ, ಬತ್ತಿ, ಫ್ಯಾನು ಎಂದು ಹೇಗೋ ತಳ್ಳಿದೆ.

2024ರ ಮಳೆಗಾಲದಲ್ಲಿ ಮಗಳಿಗೆ ಡೆಂಗಿ ಬಂತು. ಆ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ಎಲ್ಲರಿಗೂ ನೆನಪಿರಬಹುದು. ಮಗಳು ಹುಷಾರಾದಳು. ಆದರೆ ಆಸ್ಪತ್ರೆಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪ್ಲೇಟ್‌ಲೆಟ್ ಎಣಿಕೆಗೆ ಕಾಯುತ್ತಾ ಕುಳಿತಾಗ ಒಂದು ಮಾತು ಗಟ್ಟಿಯಾಯಿತು: ಈ ಸೊಳ್ಳೆ ಹಗಲು ಕಚ್ಚುವ ಜಾತಿ, ರಾತ್ರಿ ಮಂಚಕ್ಕೆ ಕಟ್ಟುವ ಸೊಳ್ಳೆ ಪರದೆಯೊಂದೇ ಸಾಲದು. ಅದಕ್ಕೆ ಚರಂಡಿಯೂ ಬೇಕಿಲ್ಲ, ನಿಂತ ತಿಳಿನೀರು ಸಾಕು. ನಮ್ಮ ಊರಿಗೆ ಶಾಂತಿಸಾಗರದಿಂದಲೂ ವಾಣಿವಿಲಾಸ ಸಾಗರದಿಂದಲೂ ನೀರು ಬರುತ್ತದೆ ನಿಜ, ನಮ್ಮ ಬೀದಿಯ ನಲ್ಲಿಗೆ ಮಾತ್ರ ದಿನವೂ ಬರುವುದಿಲ್ಲ. ಹಾಗಾಗಿ ಮನೆಮನೆಯಲ್ಲೂ ಡ್ರಮ್ಮು, ತೊಟ್ಟಿ. ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿಕೊಟ್ಟಿದ್ದೇವೆ.

ಸೊಳ್ಳೆ ಬಾರದಂತೆ ವರಾಂಡವನ್ನೇ ಮುಚ್ಚಿಸುವುದೆಂದಾಯಿತು. ಅದಕ್ಕೆ ಮೊದಲು ಕರೆಸಿದವರು ಗಾಜಿನವರು. ವರಾಂಡಕ್ಕೆ ಅಲ್ಯುಮಿನಿಯಂ ಚೌಕಟ್ಟಿನಲ್ಲಿ ಜಾರುವ ಗಾಜು ಹಾಕಿದರೆ ಅದೂ ಒಂದು ರೂಮಾಗುತ್ತದೆ ಎಂದರು. ಏಪ್ರಿಲ್ ತಿಂಗಳಿನಲ್ಲಿ ಚಿತ್ರದುರ್ಗದ ಬಂಡೆಗಳು ರಾತ್ರಿ ಹತ್ತಾದರೂ ಕಾವು ಬಿಡುವುದಿಲ್ಲ. ಅಂಥ ಊರಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಸ್ತ್ರಿ ಪೆಟ್ಟಿಗೆಯನ್ನೂ ಇಟ್ಟುಕೊಂಡು ಕೂರಬೇಕಾದವಳು ನಾನು. ಅವರಿಗೆ ಚಹಾ ಕೊಟ್ಟು ಕಳಿಸಿದೆ.

ಜಾಲರಿ ಎಂದು ನಿಶ್ಚಯವಾದ ಮೇಲೆ ಅಳತೆ. ವರಾಂಡ ಮುಂಭಾಗಕ್ಕೆ 14 ಅಡಿ, ಆಳ 7 ಅಡಿ. ಎಡಕ್ಕೆ ಮನೆಯದೇ ಗೋಡೆ, ಬಲಕ್ಕೆ ತೆರಪು. ಅದು ಪಶ್ಚಿಮ ದಿಕ್ಕು, ಅಲ್ಲೊಂದು ಸೀಬೆ ಮರ. ಎರಡು ಅಡಿ ಎತ್ತರದ ಕಲ್ಲಿನ ಕಟ್ಟೆ ಸುತ್ತಲೂ ಇದೆ, ಅದರ ಮೇಲಿಂದ ತೊಲೆಯವರೆಗೆ 6 ಅಡಿ 3 ಇಂಚು. ಹೀಗೆ ಬರೆದುಕೊಂಡರೆ ಆಯಿತೆಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ಹಳೆಯ ಮನೆಯ ಕಂಬಗಳು ಮಾತ್ರ ಗಿರಾಕಿಗಳ ಹಾಗೆ. ಒಬ್ಬರ ಎದೆ, ಸೊಂಟ, ಭುಜ ಒಂದೇ ಅಳತೆಗೆ ಇರುವುದಿಲ್ಲ. ಪಕ್ಕದ ತೆರಪನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದೆ. ಕೆಳಗೆ ಸರಿಯಾಗಿ 7 ಅಡಿ ಇದ್ದದ್ದು ಮೇಲೆ ಅರ್ಧ ಇಂಚು ಕಡಿಮೆ ಬಂತು. ತೂಗುಗುಂಡು ಬಿಟ್ಟು ನೋಡಿದರೆ ಸೈಜುಗಲ್ಲಿನ ಕಂಬ ಒಳಕ್ಕೆ ವಾಲಿತ್ತು. ಅತಿ ಕಡಿಮೆ ಬಂದ ಅಳತೆಗೆ ಚೌಕಟ್ಟು ಮಾಡಿಸಿ ಮಿಕ್ಕ ಸಂದನ್ನು ಆಮೇಲೆ ತುಂಬುವುದೇ ಸರಿ. ದೊಡ್ಡದನ್ನು ಹಿಡಿದಿದ್ದರೆ ಕಬ್ಬಿಣವನ್ನು ಕಂಬಕ್ಕೆ ಸುತ್ತಿಗೆಯಿಂದ ಬಡಿದು ಕೂರಿಸಬೇಕಾಗುತ್ತಿತ್ತು.

ಕಟ್ಟೆಯ ಹೊರಂಚಿಗೆ ಚೌಕಟ್ಟು ನಿಲ್ಲಿಸಬೇಕೋ ಒಳಂಚಿಗೋ ಎಂಬುದರ ಮೇಲೆ ಮನೆಯಲ್ಲಿ ಎರಡು ದಿನ ವಾದ ನಡೆಯಿತು. ಹೊರಂಚಿಗೆ ಹಾಕಿದರೆ ಒಂದೂವರೆ ಅಡಿ ಜಾಗ ನಮ್ಮದಾಗುತ್ತದೆ ಎಂದು ನಮ್ಮ ಯಜಮಾನರು. ಅತ್ತೆ ಒಪ್ಪಲಿಲ್ಲ. “ಕಟ್ಟೆ ಒಳಗೆ ಹೋದರೆ ಬೀದಿಯವರು ಎಲ್ಲಿ ಕೂರಬೇಕು? ಮನೆಯ ಮುಂದೆ ಬೋನು ಕಟ್ಟಿಸುತ್ತೀರಾ?” ಎಂದರು. ಅವರು ದಿನವೂ ಸಂಜೆ ಸೊಪ್ಪು ಬಿಡಿಸುತ್ತಾ ಕೂರುವುದು ಆ ಕಟ್ಟೆಯ ಮೇಲೆ, ಊರಿನ ಸುದ್ದಿ ಬಂದು ಸೇರುವುದೂ ಅಲ್ಲಿಗೇ. ತೊಲೆಯೂ ಕಟ್ಟೆಯ ಒಳಂಚಿನ ನೇರಕ್ಕೇ ಬರುವುದರಿಂದ ಅತ್ತೆ ಗೆದ್ದರು. ಈಗ ಕಟ್ಟೆ ಬೀದಿಗೆ, ವರಾಂಡ ನನಗೆ.

ಹೊರಚೌಕಟ್ಟಿಗೆ ಒಂದೂವರೆ ಇಂಚಿನ 16 ಗೇಜ್ ಕಬ್ಬಿಣದ ಚೌಕ ಪೈಪು. 20 ಅಡಿಯ ಒಂದು ಪೈಪು ಹನ್ನೆರಡು ಕೆ.ಜಿ.ಗೆ ಸ್ವಲ್ಪ ಕಡಿಮೆ ತೂಗುತ್ತದೆ, ನಮಗೆ ಆರು ಬೇಕಾದವು. ವೆಲ್ಡಿಂಗ್‌ನವರಲ್ಲಿ ಚದರಡಿ ಲೆಕ್ಕದ ಮಾತೂ ಇದೆ, ಕೆ.ಜಿ. ಲೆಕ್ಕದ ಮಾತೂ ಇದೆ. ನಾನು ಕೆ.ಜಿ. ಲೆಕ್ಕವನ್ನೇ ಹಿಡಿದೆ, ಏಕೆಂದರೆ ಚದರಡಿಗೆ ಒಪ್ಪಿದರೆ ಪೈಪಿನ ದಪ್ಪ ಎಲ್ಲಿ ತೆಳ್ಳಗಾಯಿತೆಂದು ಬಣ್ಣ ಬಳಿದ ಮೇಲೆ ತಿಳಿಯುವುದಿಲ್ಲ. ಈ ಚೌಕಟ್ಟಿನೊಳಗೆ ತಿರುಪಿನಿಂದ ಕೂರುವ ಅಲ್ಯುಮಿನಿಯಂ ಪಟ್ಟಿಯ ಚಿಕ್ಕ ಚೌಕಟ್ಟುಗಳು: ಮುಂದೆ ಬಾಗಿಲಿನ ಎರಡೂ ಬದಿಗೆ ಎರಡೆರಡು, ಪಕ್ಕಕ್ಕೆ ಎರಡು. ಜಾಲರಿ ಇರುವುದು ಇವುಗಳಲ್ಲಿ. ಯುಗಾದಿ, ದೀಪಾವಳಿಗೆ ಬಿಚ್ಚಿ ತೊಳೆಯಬಹುದು.

ಚಿಕ್ಕ ಚೌಕಟ್ಟುಗಳು ಬಂದ ದಿನ ಮೂಲೆಯಿಂದ ಮೂಲೆಗೆ ಓರೆಯಾಗಿ ಟೇಪು ಹಿಡಿದೆ. ಒಂದರಲ್ಲಿ ಒಂದು ಕರ್ಣ 6 ಅಡಿ 11 ಇಂಚು, ಇನ್ನೊಂದು ಅದಕ್ಕಿಂತ ಅರ್ಧ ಇಂಚು ಹೆಚ್ಚು. ಎರಡೂ ಸಮ ಬಾರದಿದ್ದರೆ ಮೂಲೆ ಸೊಟ್ಟಗಿದೆ ಎಂದೇ ಅರ್ಥ. ವೆಲ್ಡಿಂಗ್ ಹುಡುಗ ನಕ್ಕ. “ಅಕ್ಕಾ, ಇದು ರವಿಕೆ ಅಲ್ಲ. ಅರ್ಧ ಇಂಚು ನಡೆಯುತ್ತದೆ.”

“ರವಿಕೆಯಲ್ಲೇ ನಡೆಯುವುದಿಲ್ಲ. ಬಟ್ಟೆಯಾದರೂ ಸ್ವಲ್ಪ ಎಳೆದರೆ ಬರುತ್ತದೆ, ಇದು ಬರುತ್ತದೇನಪ್ಪಾ?” ಎಂದೆ. ವಾಪಸು ತೆಗೆದುಕೊಂಡು ಹೋಗಿ ಸರಿಮಾಡಿ ತಂದ.

ಕಲ್ಲಿನ ಕಂಬಕ್ಕೆ ಆಂಕರ್ ಬೋಲ್ಟ್ ಹೊಡೆಯುವಾಗ ಅಂಚಿನಿಂದ ಮೂರು ಇಂಚಾದರೂ ಒಳಗೆ ತೂತು ಬೀಳಬೇಕು. ಒಂದು ಕಡೆ ಅಂಚಿಗೆ ಹತ್ತಿರ ಹೋಗಿ ಕಲ್ಲಿನ ಚಕ್ಕೆ ಎದ್ದಿತು, ಅದರ ಗುರುತು ಈಗಲೂ ಇದೆ. ರೆಡ್ ಆಕ್ಸೈಡ್, ಮೇಲೆ ಎರಡು ಕೈ ಬಣ್ಣ, ಇವೆಲ್ಲ ಎಲ್ಲರೂ ಮಾಡುವಂತೆಯೇ ಆದವು.

ಜಾಲರಿಯನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಫೈಬರ್ ಗ್ಲಾಸಿನ ಜಾಲರಿ ಎಂದರೆ ಪಿ.ವಿ.ಸಿ. ಲೇಪಿಸಿದ ಗಾಜಿನ ನೂಲಿನ ನೇಯ್ಗೆ. ಅಂಗಡಿಯಲ್ಲೇ ಗುಂಡುಸೂಜಿಯಿಂದ ಎಳೆ ಎಣಿಸಿದೆ: ಇಂಚಿಗೆ ಒಂದು ಕಡೆ 18, ಇನ್ನೊಂದು ಕಡೆ 16. ಪಿಯುಸಿ ಓದುವ ಮಗಳು ಎಳೆಯ ದಪ್ಪ ಹಿಡಿದು ಲೆಕ್ಕ ಹಾಕಿ, ಮೂರರಲ್ಲಿ ಎರಡು ಪಾಲು ಜಾಗ ಬರಿದಾಗಿಯೇ ಇರುತ್ತದೆ ಎಂದಳು. ಅಂದರೆ ಮೂರನೇ ಒಂದು ಪಾಲು ಮುಚ್ಚಿಹೋಯಿತು. ಸಣ್ಣ ಗಾಳಿ ಇದ್ದ ದಿನ ಆ ವ್ಯತ್ಯಾಸ ಕುತ್ತಿಗೆಗೆ ಗೊತ್ತಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬಣ್ಣದಲ್ಲಿ ಬಿಳಿ, ಹಸಿರು, ಕಪ್ಪು ಇದ್ದವು. ಕಪ್ಪನ್ನೇ ತೆಗೆದುಕೊಳ್ಳಿ. ಬಿಳಿಯದು ಬಿಸಿಲಿಗೆ ಹೊಳೆದು ಬೀದಿಯೇ ಮಂಜಾಗಿ ಕಾಣುತ್ತದೆ. ಕಪ್ಪಿನ ಮೂಲಕ ಎದುರು ಮನೆಯ ರಂಗೋಲಿಯ ಎಳೆಯೂ ಕಾಣುತ್ತದೆ. ರಾತ್ರಿ ಒಳಗೆ ದೀಪ ಹಾಕಿದರೆ ಮಾತ್ರ ಬೀದಿಗೆ ನಾವು ಕಾಣುತ್ತೇವೆ.

2025ರ ಜನವರಿಯಲ್ಲಿ, ವಾಣಿವಿಲಾಸ ಸಾಗರ ಮತ್ತೊಮ್ಮೆ ಕೋಡಿ ಬಿತ್ತೆಂದು ಬೀದಿಯವರೆಲ್ಲ ನೋಡಲು ಹೊರಟ ವಾರ, ನಾನು ಚಾಪೆಯ ಮೇಲೆ ಚೌಕಟ್ಟು ಹಾಸಿಕೊಂಡು ಕುಳಿತೆ. ಪಟ್ಟಿಯ ಸುತ್ತ ಒಂದು ಗಾಡಿ, ಅಂದರೆ ಉದ್ದಕ್ಕೂ ಕೊರೆದ ಸಣ್ಣ ತೋಡು, ಇರುತ್ತದೆ. ಜಾಲರಿಯನ್ನು ಅದರ ಮೇಲೆ ಹಾಸಿ ರಬ್ಬರ್ ಹಗ್ಗವನ್ನು ಗಾಡಿಗೆ ಒತ್ತಿದರೆ ಜಾಲರಿ ಕಚ್ಚಿಕೊಳ್ಳುತ್ತದೆ. ಅಂಗಡಿಯವರು ಆ ಹಗ್ಗಕ್ಕೆ ಬೀಡಿಂಗ್ ಎನ್ನುತ್ತಾರೆ. ಒತ್ತುವುದಕ್ಕೆ ಒಂದು ಚಕ್ರ ಸಿಗುತ್ತದೆ, ನಾವು ಬಟ್ಟೆಯ ಮೇಲೆ ಗುರುತು ಹಾಕುವ ಹಲ್ಲುಚಕ್ರದ ಅಣ್ಣನಂತಿದೆ. ಕತ್ತರಿಸುವುದಕ್ಕೆ ಹಳೆಯ ಅಡುಗೆಮನೆಯ ಕತ್ತರಿ. ಗಾಜಿನ ನೂಲು ಕತ್ತರಿಯ ಬಾಯಿಯನ್ನು ತಿಂದುಹಾಕುತ್ತದೆ. ನಮ್ಮ ಯಜಮಾನರು ಸಹಾಯಕ್ಕೆಂದು ನನ್ನ ಬಟ್ಟೆ ಕತ್ತರಿಗೆ ಕೈ ಹಾಕಿದರು. ಅದಾದ ಮೇಲೆ ಆ ದಿನ ಅವರ ಸಹಾಯ ನನಗೆ ಬೇಕಾಗಲಿಲ್ಲ.

ಎಳೆಯನ್ನು ಪಟ್ಟಿಯ ನೇರಕ್ಕೇ ಹಾಸಬೇಕು. ಒಂದು ಮೂಲೆ ಹಿಡಿದು ಓರೆಗೆ ಎಳೆದರೆ, ಕ್ರಾಸ್ ಕತ್ತರಿಸಿದ ಬಟ್ಟೆಯಂತೆ ಜಗ್ಗಿ ಎದುರು ಮೂಲೆಯಲ್ಲಿ ಸುಕ್ಕು ಹೊಡೆಯುತ್ತದೆ. ಮೊದಲು ಉದ್ದದ ಒಂದು ಬದಿಯನ್ನು ಕೂರಿಸಿ, ಆಮೇಲೆ ಎದುರಿನದನ್ನಲ್ಲ, ಪಕ್ಕದ ಚಿಕ್ಕ ಬದಿಯನ್ನು ಕೂರಿಸಿದರೆ ಮೂಲೆ ಹದವಾಗಿ ಬರುತ್ತದೆ. ಇದು ಎರಡನೇ ಚೌಕಟ್ಟಿನಲ್ಲಿ ಕಲಿತದ್ದು. ಮೊದಲನೆಯದನ್ನು ಡೋಲಿನ ಚರ್ಮದಂತೆ ಬಿಗಿಯಬೇಕೆಂದು ಎಳೆದೆ. ಅಲ್ಯುಮಿನಿಯಂ ಪಟ್ಟಿಯೇ ನಡುವಿನಲ್ಲಿ ಒಳಕ್ಕೆ ಬಾಗಿ ಚೌಕಟ್ಟು ಡಮರುವಿನ ಹಾಗಾಯಿತು. ಬಿಚ್ಚಿ, ನಡುವೆ ಒಂದು ಕೋಲು ಅಡ್ಡ ಕೊಟ್ಟು ಮತ್ತೆ ಹಾಕಿದೆ. ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಿ ವಾಪಸು ಬಂದರೆ ಸಾಕು. ಗಾಜಿನ ಪುಡಿಗೆ ಎರಡು ದಿನ ಮುಂಗೈ ನವೆಯಾಯಿತು. ತುಂಬುತೋಳಿನ ಅಂಗಿ ಹಾಕಿಕೊಂಡು ಕೂರಬೇಕಿತ್ತು.

ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಜಾಲರಿಯ ಮೇಲೆ ಕುಳಿತ ಸೊಳ್ಳೆ, ಒಳಕ್ಕೆ ತೆರೆಯುವ ಬಾಗಿಲಿನ ಜೊತೆಗೇ ಮನೆಗೆ ಬರುತ್ತದೆ. ತಾನಾಗಿ ಮುಚ್ಚಿಕೊಳ್ಳಲು ಸ್ಪ್ರಿಂಗಿನ ಕೀಲು, ಬುಡದ ಅರ್ಧ ಇಂಚು ಸಂದಿಗೆ ಬ್ರಷ್ಷಿನ ಪಟ್ಟಿ ಹಾಕಿಸಿದೆ. ಆ ಪಟ್ಟಿ ಇಲ್ಲದ ಒಂದು ವಾರ, ಇಷ್ಟು ಖರ್ಚು ಮಾಡಿದ್ದು ಸೊಳ್ಳೆಗಳು ಹೊರಗೆ ಹೋಗದಿರಲಿ ಎಂದೇನೋ ಅನ್ನಿಸಿತ್ತು.

ಫೆಬ್ರುವರಿಯಲ್ಲಿ ಕೋತಿಗಳು ಬಂದವು. ಕೋಟೆಯ ಕೆಳಗೆ ಮನೆ ಮಾಡಿದವರಿಗೆ ಅವು ಹೊಸ ನೆಂಟರೇನಲ್ಲ. ಸೀಬೆ ಮರದಿಂದ ಕಟ್ಟೆಗೆ ಇಳಿದ ಮರಿಯೊಂದು ಕಪ್ಪು ಜಾಲರಿಗೆ ಮೂಗು ಒತ್ತಿ ನನ್ನನ್ನೇ ನೋಡುತ್ತಾ ಒಂದೇ ಬೆರಳಿನಿಂದ ಎಳೆ ಸರಿಸಿತು. ಹಿಂದೆ ಬಂದ ತಾಯಿ ಅದೇ ತೂತಿಗೆ ಕೈ ತೂರಿಸಿ ಮೇಜಿನ ಮೇಲಿದ್ದ ಬಾಳೆಹಣ್ಣು ತೆಗೆದುಕೊಂಡಿತು. ಜೊತೆಗೆ ಒಂದು ಹಸಿರು ನೂಲಿನ ಉಂಡೆಯೂ ಹೋಯಿತು. ಅದು ಮರದ ಸುತ್ತ ಬಿಚ್ಚಿಕೊಂಡು ಎರಡು ದಿನ ನೇತಾಡುತ್ತಿತ್ತು. ತೂತಿಗೆ ಅದೇ ಜಾಲರಿಯ ತುಂಡಿಟ್ಟು ರಫ್ಫು ಮಾಡಿದೆ.

ಜೂನ್ ಕೊನೆಗೆ ಗಾಳಿ ಬಂತು. ಜೋಗಿಮಟ್ಟಿಯ ಬೆಟ್ಟಸಾಲಿನ ಮೇಲೆ ಗಾಳಿಯಂತ್ರಗಳನ್ನು ಯಾರೂ ಶೋಕಿಗೆ ನಿಲ್ಲಿಸಿಲ್ಲ, ಇದನ್ನು ಅಳತೆ ಹಿಡಿಯುವ ಮೊದಲೇ ಯೋಚಿಸಬೇಕಿತ್ತು. ಪಶ್ಚಿಮದ ಎರಡು ಚೌಕಟ್ಟುಗಳು ಮೂರೂವರೆ ಅಡಿ ಅಗಲ, ಆರು ಅಡಿಗೂ ಮಿಕ್ಕ ಎತ್ತರ, ನಡುವೆ ಆಸರೆ ಇಲ್ಲ. ಜಾಲರಿ ಹಾಯಿಯಂತೆ ಉಬ್ಬಿ, ಇಳಿದು, ಮತ್ತೆ ಉಬ್ಬಿ ಇಡೀ ರಾತ್ರಿ ಪಟಪಟನೆ ಬಡಿಯಿತು. ಬೆಳಿಗ್ಗೆ ನೋಡಿದರೆ ರಬ್ಬರ್ ಹಗ್ಗ ಗಾಡಿಯಿಂದ ಎದ್ದು ಹಾವಿನಂತೆ ನೇತಾಡುತ್ತಿತ್ತು. ತಪ್ಪು ನನ್ನದೇ. ಕೂರಿಸಲು ಸುಲಭವೆಂದು ಗಾಡಿಗಿಂತ ತೆಳ್ಳಗಿನ ಹಗ್ಗ ತಂದಿದ್ದೆ. ಸಡಿಲವಾದ ನಾಡಾಕ್ಕೆ ಲಂಗ ನಿಲ್ಲುತ್ತದೆಯೇ?

ಗಾಳಿ ಮತ್ತು ಕೋತಿ ಎರಡೂ ಪಶ್ಚಿಮದಿಂದಲೇ ಬರುವುದು ಎಂದು ತಿಳಿದ ಮೇಲೆ ಆ ಬದಿಯನ್ನೇ ಬೇರೆ ಮಾಡಿದೆ. ಒಂದೊಂದು ಚೌಕಟ್ಟಿಗೂ ನಡುವೆ, ಮೂರು ಅಡಿ ಎತ್ತರದಲ್ಲಿ, ಅಡ್ಡಪಟ್ಟಿ. ಬಿಗಿಯಾಗಿ ಕೂರುವ ದಪ್ಪದ ಹಗ್ಗ. ಫೈಬರ್ ತೆಗೆದು ಸ್ಟೀಲ್ ಜಾಲರಿ. ಸ್ಟೀಲಿಗೆ ಬಟ್ಟೆಯ ಗುಣ ಕಡಿಮೆ. ಎಳೆದರೆ ಬರುವುದಿಲ್ಲ, ಒಮ್ಮೆ ಮಡಿಕೆ ಬಿದ್ದರೆ ಇಸ್ತ್ರಿಗೂ ಹೋಗುವುದಿಲ್ಲ. ತಗಡು ಕತ್ತರಿಯಿಂದ ಕತ್ತರಿಸಿ, ನಾಲ್ಕು ಮೂಲೆಯನ್ನೂ ಓರೆಯಾಗಿ ತೆಗೆದು, ಹಗ್ಗ ಒತ್ತುವ ಮೊದಲೇ ಚಕ್ರದಿಂದ ಗಾಡಿಯ ನೇರಕ್ಕೆ ಮಡಿಸಿಕೊಳ್ಳಬೇಕು. ಅಂಚಿನ ಎಳೆ ಬೆರಳಿಗೆ ಸೂಜಿಯಂತೆ ಹೊಕ್ಕುತ್ತದೆ. ಇಷ್ಟಾದ ಮೇಲೆ ಆಷಾಢವೆಲ್ಲ ಅದು ಅಲುಗಲಿಲ್ಲ. ಕೋತಿಗಳು ಬಂದು ಬೆರಳಿಟ್ಟು ನೋಡಿ ಎದುರು ಮನೆಗೆ ಹೋದವು.

ತೆಗೆದ ಎರಡು ಫೈಬರ್ ಜಾಲರಿಗಳು ಹಾಗೇ ಉಳಿದಿದ್ದವು. ವರಾಂಡದೊಳಗೆ ಸೊಳ್ಳೆ ಇಲ್ಲವಾದರೂ ಹಿತ್ತಲಿನ ಡ್ರಮ್ಮಿನಲ್ಲಿ ಮರಿಹುಳುಗಳು ಕುಣಿಯುತ್ತಲೇ ಇದ್ದವು. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಅದಕ್ಕೆ ಬೇಕಾದದ್ದು ಒಂದು ವಾರ ಹತ್ತು ದಿನ, ನಾವು ಡ್ರಮ್ಮು ಬರಿದು ಮಾಡಿ ಉಜ್ಜುವುದು ನಲ್ಲಿ ಬಂದಾಗ. ಒಂದೊಂದು ಜಾಲರಿಯಲ್ಲಿ ಎರಡರಂತೆ 36 ಇಂಚಿನ ನಾಲ್ಕು ದುಂಡನೆಯ ತುಂಡು ಕತ್ತರಿಸಿದೆ. ಅಂಚಿಗೆ ಹತ್ತಿಯ ಪಟ್ಟಿ ಮಡಿಸಿ, 18ನೇ ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, ದೊಡ್ಡ ಹೊಲಿಗೆ ಹಾಕಿ, ಪಟ್ಟಿಯೊಳಗೆ ಎಲಾಸ್ಟಿಕ್ ಪೋಣಿಸಿದೆ. ಡ್ರಮ್ಮಿನ ಬಾಯಿಗೆ ಟೋಪಿಯಂತೆ ಕೂರುತ್ತದೆ, ಮೇಲಿಂದಲೇ ನಲ್ಲಿಯ ಪೈಪು ಬಿಟ್ಟು ನೀರು ತುಂಬಬಹುದು. ಹತ್ತಿಯ ಪಟ್ಟಿ ಒದ್ದೆಯಾಗಿ ಕಪ್ಪಾಗುತ್ತದೆ, ಮುಂದಿನ ಸಲ ನೈಲಾನ್ ಪಟ್ಟಿ ಹಾಕುತ್ತೇನೆ.

ಕಟ್ಟೆಯ ಮೇಲೆ ಅತ್ತೆ ಈ ಟೋಪಿಯ ಸುದ್ದಿಯನ್ನು ಹಂಚಿಬಿಟ್ಟಿದ್ದಾರೆ. ಈಗ ಬೀದಿಯಿಂದ ಹನ್ನೊಂದು ಡ್ರಮ್ಮು ಬಾಕಿ ಇವೆ. ಬಾಯಿಮಾತಿನ ಅಳತೆ ನಾನು ತೆಗೆದುಕೊಳ್ಳುವುದಿಲ್ಲ. ಒಂದು ದಾರವನ್ನು ಡ್ರಮ್ಮಿನ ಸುತ್ತ ಹಿಡಿದು, ಸೇರುವ ಜಾಗಕ್ಕೆ ಗಂಟು ಹಾಕಿ, ಆ ದಾರವನ್ನೇ ತಂದುಕೊಡಿ ಎಂದಿದ್ದೇನೆ.