ಆಟ್ಕೊ ಮಿಷನ್ನಿಗೆ ಯೆಜ್ಡಿ ಕಂಡೆನ್ಸರ್

ಚಿಕ್ಕಮಗಳೂರಿನ ಕಡೆಯ ಒಂದು ಕಾಫಿ ತೋಟದಲ್ಲಿ, ಬಂಗಲೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಅದು ಬಿದ್ದಿತ್ತು. ಮೇಲೆ ಗೊಬ್ಬರದ ಚೀಲಗಳು, ಹ್ಯಾಂಡಲ್ಲಿನ ಮರದ ಹಿಡಿಗೆ ಗೆದ್ದಲು. ಚೀಲ ಸರಿಸಿ ನೋಡಿದರೆ ಇಂಗ್ಲೆಂಡಿನ ಆಟ್ಕೊ ಕಂಪನಿಯ ಹುಲ್ಲು ಕತ್ತರಿಸುವ ಮಿಷನ್, 17 ಇಂಚಿನದು, ವಿಲಿಯರ್ಸ್ ಕಂಪನಿಯ ಎರಡು ಸ್ಟ್ರೋಕ್ ಎಂಜಿನ್.

"ನಮ್ಮ ಮಾವನವರು ಇದ್ದಾಗ ಓಡ್ತಿತ್ತಂತೆ. ನಾನು ಈ ಮನೆಗೆ ಬಂದ ಮೇಲೆ ಅದರ ಸದ್ದೇ ಕೇಳಿಲ್ಲ. ಗುಜರಿಗೆ ಹಾಕೋದಾದ್ರೆ ಮುಟ್ಟಬೇಡಿ, ಓಡಿಸ್ತೀನಿ ಅಂದ್ರೆ ತಗೊಂಡು ಹೋಗಿ" ಅಂದರು ತೋಟದ ಅಮ್ಮನವರು.

"ಓಡಿಸಿ ನಿಮ್ಮ ಅಂಗಳಕ್ಕೇ ತಂದು ಬಿಡ್ತೀನಿ ಅಮ್ಮ" ಅಂದೆ. ಮೈಸೂರಿನಲ್ಲಿ ಮೂವತ್ತು ವರ್ಷ ಜಾವಾ, ಯೆಜ್ಡಿ ಬೈಕು ಬಿಚ್ಚಿ ಕಟ್ಟಿದ ಕೈ ನನ್ನದು. ಎರಡು ಸ್ಟ್ರೋಕ್ ಎಂಜಿನ್ ಅಂದರೆ ಮನೆಯ ಮಗು ಇದ್ದ ಹಾಗೆ. ಹುಲ್ಲು ಕತ್ತರಿಸುವ ಭಾಗ ಮಾತ್ರ ನನಗೆ ಹೊಸದಾಗಿತ್ತು, ಹೆಚ್ಚು ಕಲಿಸಿದ್ದೂ ಅದೇ.

ಬಿಚ್ಚುವ ಮೊದಲು ಎರಡು ಕೆಲಸ ಮಾಡಿದೆ. ಎಲ್ಲ ಕಡೆಯಿಂದ ಫೋಟೊ ತೆಗೆದೆ. ಕ್ರ್ಯಾಂಕ್‌ಕೇಸಿನ ಮೇಲೆ ಕೊರೆದಿದ್ದ ಎಂಜಿನ್ ನಂಬರನ್ನು ಸೀಮೆಸುಣ್ಣ ಉಜ್ಜಿ ಓದಿ ಬರೆದುಕೊಂಡೆ. ವಿಲಿಯರ್ಸ್ ಎಂಜಿನ್ನು ಯಾವ ಮಾದರಿಯದು ಅಂತ ಗೊತ್ತಾಗುವುದು ಆ ನಂಬರಿನ ಮುಂದಿನ ಅಕ್ಷರಗಳಿಂದ. ಅದಿಲ್ಲದೆ ಗ್ಯಾಸ್ಕೆಟ್ಟು, ಪಿಸ್ಟನ್ ರಿಂಗು ಕೇಳಲು ಹೋದರೆ ಕತ್ತಲಲ್ಲಿ ತಡಕಾಡಿದ ಹಾಗೆ.

ಮೊದಲ ತಕರಾರು ಸ್ಪಾನರಿನದು. 12ರದು ಸಡಿಲ, 11ರದು ಹೋಗುವುದಿಲ್ಲ. ಇವು ವಿಟ್‌ವರ್ತ್ ಬೋಲ್ಟುಗಳು, ಅಂದರೆ ಹಳೇ ಬ್ರಿಟಿಷ್ ಇಂಚಿನ ಅಳತೆಯವು. ಅವುಗಳ ಸ್ಪಾನರಿನ ಮೇಲಿರುವ ಅಂಕಿ ತಲೆಯ ಅಗಲದ್ದಲ್ಲ, ಬೋಲ್ಟಿನ ದಪ್ಪದ್ದು. ಮರೆಯ (ಬೋಲ್ಟಿನ ಸುರುಳಿ ಗೀರಿನ) ಕೋನವೂ ಬೇರೆ, ಮೆಟ್ರಿಕ್ 60 ಡಿಗ್ರಿ ಆದರೆ ಇದು 55. ನಾಲ್ಕು ಸುತ್ತು ಸಲೀಸಾಗಿ ಹೋಯಿತು ಅಂತ ಮೆಟ್ರಿಕ್ ಬೋಲ್ಟು ತಿರುಗಿಸಿದರೆ ಎರಕದ ಮರೆ ಹಾಳಾಯಿತು ಅಂತಲೇ ಲೆಕ್ಕ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಟ್‌ವರ್ತ್ ಬೋಲ್ಟು ಈಗಲೂ ಸಿಗುತ್ತದೆ, ಹಳೇ ಲೇತ್ ಅಂಗಡಿಗಳಲ್ಲಿ ಅದರ ಟ್ಯಾಪೂ ಇರುತ್ತದೆ. ಇಂಗ್ಲೆಂಡಿನಿಂದ ತರಿಸಬೇಕಾಗಿಲ್ಲ.

ಪ್ಲಗ್ಗಿನ ಕಿಡಿ ಹುಟ್ಟಿಸುವುದು ಮ್ಯಾಗ್ನೆಟೊ ಫ್ಲೈವೀಲ್, ಒಳಗೆ ಆಯಸ್ಕಾಂತವಿರುವ ಚಕ್ರ. ಅದನ್ನು ಬಿಚ್ಚುವಲ್ಲಿ ತುಂಬ ಜನ ಸೋಲುತ್ತಾರೆ. ನಡುವಿನ ನಟ್ಟು ಹೊಡೆದು ತಿರುಗಿಸಿದರೆ ಸಡಿಲವಾಗುತ್ತದೆ, ಸ್ವಲ್ಪ ತಿರುಗಿ ಮತ್ತೆ ಬಿಗಿಯಾಗುತ್ತದೆ. ಜಾಮ್ ಆಯಿತು ಅಂದುಕೊಂಡು ಚಾಣ ಹಿಡಿಯಬೇಡಿ. ಆ ನಟ್ಟೇ ಪುಲ್ಲರ್, ಚಕ್ರವನ್ನು ಎಳೆದು ತೆಗೆಯುವುದು ಅದೇ. ಎರಡನೇ ಸಲ ಬಿಗಿಯಾದಾಗ ಇನ್ನೊಂದು ಏಟು ಕೊಟ್ಟರೆ ಫ್ಲೈವೀಲ್ ತಾನಾಗಿ ಶಾಫ್ಟು ಬಿಟ್ಟು ಬರುತ್ತದೆ. ಬಂದ ತಕ್ಷಣ ಒಳಗಿನ ಆಯಸ್ಕಾಂತಗಳಿಗೆ ಅಡ್ಡಲಾಗಿ ಒಂದು ಕಬ್ಬಿಣದ ತುಂಡು ಕೂರಿಸಿ. ಹಳೇ ಆಯಸ್ಕಾಂತಗಳು ಬರಿದೇ ಇಟ್ಟರೆ ಬಲ ಕಳೆದುಕೊಳ್ಳುತ್ತವೆ.

ಕಾಯಿಲ್ ಪುಣ್ಯಕ್ಕೆ ಜೀವಂತವಾಗಿತ್ತು. ಕಿಡಿಗಾಗಿ ಕರೆಂಟು ಕಡಿಯುವ ಪಾಯಿಂಟು ಉಜ್ಜಿ 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು) ಸಂದು ಇಟ್ಟೆ. ಕಿಡಿ ಬಂತು, ಆದರೆ ಪ್ಲಗ್ಗಿಗಿಂತ ಹೆಚ್ಚಾಗಿ ಪಾಯಿಂಟಿನಲ್ಲೇ. ಪಾಯಿಂಟು ಹೀಗೆ ಉರಿದು ಕಪ್ಪಾದರೆ, ಅದು ಉರಿಯದಂತೆ ಕಾಯುವ ಕಂಡೆನ್ಸರ್ ಸತ್ತಿದೆ ಅಂತ ಅರ್ಥ. ವಿಲಿಯರ್ಸ್ ಕಂಡೆನ್ಸರ್ ಅಂತ ಕೇಳಿದ ಅಂಗಡಿಯಲ್ಲೆಲ್ಲ ತಲೆ ಅಲ್ಲಾಡಿಸಿದರು. ಆಮೇಲೆ ನನಗೇ ಹೊಳೆಯಿತು, ಕಂಡೆನ್ಸರಿಗೆ ಯಾವ ಕಂಪನಿ? ಬೇಕಾಗಿರುವುದು 0.2 ಮೈಕ್ರೋಫ್ಯಾರಡ್ ಆಸುಪಾಸಿನ ಒಂದು ಡಬ್ಬಿ. ನನ್ನ ಡ್ರಾಯರಿನಲ್ಲೇ ಯೆಜ್ಡಿಯದು ಮೂರು ಬಿದ್ದಿದ್ದವು. ಫ್ಲೈವೀಲಿನ ಒಳಗೆ ಜಾಗ ಸಾಲದೆ ಹೊರಗೆ ಕೂರಿಸಿ ಒಂದು ವೈರು ಒಳಗೆ ಬಿಟ್ಟೆ. ನೀಲಿ ಕಿಡಿ ಟಪ್ ಅಂತ ಹಾರಿತು. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಆ ಗಾಡಿಗಳ ಸಾಮಾನು ಇವತ್ತಿಗೂ ಊರಲ್ಲಿ ಇನ್ನೊಂದು ಎಂಜಿನ್ನಿಗೆ ಉಸಿರು ಕೊಟ್ಟಿತಲ್ಲ ಅಂತ ಆ ದಿನವೆಲ್ಲ ಖುಷಿಯಲ್ಲಿದ್ದೆ.

ಅವತ್ತಿನಿಂದ ಅಂಗಡಿಗೆ ಹೋದಾಗ ಮಿಷನ್ನಿನ ಹೆಸರು ಹೇಳುವುದನ್ನೇ ಬಿಟ್ಟೆ. ಅಳತೆಯ ವರ್ನಿಯರ್ ಜೇಬಿನಲ್ಲಿ, ಮುರಿದ ಸಾಮಾನು ಕೈಯಲ್ಲಿ.

ಹುಲ್ಲು ಕತ್ತರಿಸುವ ಸಿಲಿಂಡರಿನ (ಎಂಜಿನ್ನಿನದಲ್ಲ, ಬ್ಲೇಡುಗಳಿರುವ ಉರುಳೆಯ) ಬೇರಿಂಗು ಅಳೆದೆ: ಒಳಗೆ 5/8 ಇಂಚು, ಹೊರಗೆ 1 9/16, ದಪ್ಪ 7/16. ಅಂಗಡಿಯವರೊಬ್ಬರು 6203 ನಂಬರಿನ ಮೆಟ್ರಿಕ್ ಬೇರಿಂಗು ಕೊಟ್ಟು, "ಬುಷ್ ಹಾಕಿಸಿ ಕೂರಿಸ್ಕೊಳ್ಳಿ ಸಾರ್" ಅಂದರು. 6203ರ ಹೊರ ಅಳತೆ 40 ಮಿಲಿಮೀಟರ್, ನಮ್ಮ ಗೂಡು 39.7. ಹಳೇ ಎರಕವನ್ನು ಕೊರೆಸಲು ಮನಸ್ಸು ಬರಲಿಲ್ಲ. ಅದೇ ಅಳತೆಯ ಇಂಚಿನ ಬೇರಿಂಗು ಈಗಲೂ ತಯಾರಾಗುತ್ತದೆ. ಒಂದು ಕಂಪನಿಯ ಪಟ್ಟಿಯಲ್ಲಿ ಅದರ ಹೆಸರು ಆರ್‌ಎಲ್‌ಎಸ್ 5, ಇನ್ನೊಂದರಲ್ಲಿ ಎಲ್‌ಜೆ 5/8, ಹಳೇ ಹಾಫ್‌ಮನ್ ಕಂಪನಿಯ ಪಟ್ಟಿಯಲ್ಲಿ ಎಲ್‌ಎಸ್ 7. ಮೂರೂ ಒಂದೇ. ಈ ಮೂರು ಹೆಸರು ಚೀಟಿಯಲ್ಲಿ ಬರೆದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ನಾಲ್ಕನೇ ಅಂಗಡಿಯ ಹಿರಿಯರು ಚೀಟಿ ನೋಡಿ, ಏಣಿ ಹತ್ತಿ, ಧೂಳು ಹಿಡಿದ ಎರಡು ಪೊಟ್ಟಣ ಇಳಿಸಿದರು.

ಚೈನೂ ಹೀಗೆಯೇ. ಅರ್ಧ ಇಂಚಿನ ಕೊಂಡಿ 24 ಎಣಿಸಿದರೆ ಸರಿಯಾಗಿ 12 ಇಂಚು ಬರಬೇಕು. ನನ್ನದು 12 ಕಾಲು ಬಂತು, ಅಂದರೆ ಸವೆದು ಮುಗಿದಿದೆ. ಒಳಗಲ 3/16. ಆ ಅಳತೆ ಮೊಪೆಡ್ಡುಗಳ 415 ನಂಬರಿನ ಚೈನಿನದು. ಸೈಕಲ್ ಚೈನಿನ ಕೊಂಡಿಯೂ ಅರ್ಧ ಇಂಚೇ, ಆದರೆ ಒಳಗಲ 1/8 ಮಾತ್ರ, ಹಲ್ಲಿನ ಮೇಲೆ ಕೂರುವುದಿಲ್ಲ.

ಇನ್ನು ಕತ್ತರಿಸುವ ಭಾಗ. ಈ ಮಿಷನ್ನು ಹುಲ್ಲನ್ನು ಹೊಡೆದು ಹರಿಯುವುದಿಲ್ಲ, ಕತ್ತರಿಯ ಹಾಗೆ ಕತ್ತರಿಸುತ್ತದೆ. ಇಂಗ್ಲೆಂಡಿನ ಸ್ಟ್ರೌಡ್ ಹತ್ತಿರ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಮೊದಲ ಮಿಷನ್ ಮಾಡಿದ್ದು ಉಣ್ಣೆ ಬಟ್ಟೆಯ ಜುಂಗು ಸವರುವ ಯಂತ್ರ ನೋಡಿ. ಸುತ್ತುವ ಸಿಲಿಂಡರಿನ ಬ್ಲೇಡು ಕತ್ತರಿಯ ಒಂದು ಅಲಗು, ಕೆಳಗೆ ಅಲ್ಲಾಡದೆ ನಿಂತ ಪಟ್ಟಿ ಇನ್ನೊಂದು. ಇದು ತಲೆಗೆ ಹೋಗುವ ಮೊದಲೇ ನಾನೊಂದು ತಪ್ಪು ಮಾಡಿದ್ದೆ. ಸಾಣೆ ಹಿಡಿಯುವ ಒಬ್ಬರ ಕೈಗೆ ಸಿಲಿಂಡರು ಕೊಟ್ಟೆ. ಅವರು ಒಂದೊಂದು ಬ್ಲೇಡನ್ನೂ ಕೈ ಗ್ರೈಂಡರಿನಲ್ಲಿ ಮಚ್ಚಿನ ಹಾಗೆ ಹರಿತ ಮಾಡಿಟ್ಟರು. ಮುಟ್ಟಿದರೆ ರಕ್ತ, ಹುಲ್ಲು ಮಾತ್ರ ಕತ್ತರಿಸದು. ಆರು ಬ್ಲೇಡೂ ಒಂದೇ ದುಂಡಿನಲ್ಲಿ ಇರದಿದ್ದರೆ ಕೆಳಗಿನ ಪಟ್ಟಿಗೆ ಒಂದು ತಾಗುತ್ತದೆ, ಒಂದು ತಾಗುವುದಿಲ್ಲ. ಕೊನೆಗೆ ಒಂದು ಗಾಲ್ಫ್ ಮೈದಾನದ ವರ್ಕ್‌ಶಾಪಿನವರು ತಮ್ಮ ಮಿಷನ್ನಿನಲ್ಲಿ ಇಡೀ ಸಿಲಿಂಡರನ್ನು ಸುತ್ತಿಸಿ ಗ್ರೈಂಡ್ ಮಾಡಿಕೊಟ್ಟರು. ಅವರ ಉಪಕಾರ ನಾನು ಮರೆಯುವವನಲ್ಲ.

ಕೆಳಗಿನ ಪಟ್ಟಿ ಸವೆದು ಕಾಗದದ ಹಾಗಾಗಿತ್ತು. ಲಾರಿ ಕಮಾನು ಪಟ್ಟಿಯ ತುಂಡು ತಂದು, ತೆಳುವಾಗಿ ಗ್ರೈಂಡ್ ಮಾಡಿಸಿ, ಹಳೆಯದನ್ನೇ ಅಚ್ಚಾಗಿ ಇಟ್ಟು ತೂತು ಹಾಕಿಸಿದೆ. ಮುರಿದದ್ದು, ಸವೆದದ್ದು ಯಾವುದನ್ನೂ ಎಸೆಯಬೇಡಿ ಅನ್ನುವುದು ಇದಕ್ಕೇ. ಆಮೇಲೆ ವಾಲ್ವಿಗೆ ಹಚ್ಚುವ ಗ್ರೈಂಡಿಂಗ್ ಪೇಸ್ಟ್ ಬ್ಲೇಡುಗಳಿಗೆ ಸವರಿ, ಸಿಲಿಂಡರನ್ನು ಹಿಮ್ಮುಖವಾಗಿ ಅರ್ಧ ಗಂಟೆ ತಿರುಗಿಸಿದೆ. ಸೀಮೆಎಣ್ಣೆಯಲ್ಲಿ ಪೇಸ್ಟ್ ಒಂದು ಕಣವೂ ಉಳಿಯದಂತೆ ತೊಳೆದೆ. ಪ್ಲಗ್ಗಿನ ವೈರು ತೆಗೆಯದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ಬೆರಳು ಹೋದರೆ ಅದಕ್ಕೆ ಬಿಡಿಭಾಗವಿಲ್ಲ. ಪರೀಕ್ಷೆಗೆ ಹಳೇ ಪೇಪರ್ ಸಾಕು. ಈ ತುದಿಯಿಂದ ಆ ತುದಿಯವರೆಗೆ ಎಲ್ಲಿ ಹಿಡಿದರೂ ಚಕ್ ಅಂತ ತುಂಡಾಗಬೇಕು. ಎಡಗಡೆಯ ಮೂರು ಇಂಚು ಪೇಪರನ್ನು ಮಡಚುತ್ತಿತ್ತು. ಸ್ಕ್ರೂ ಕಾಲು ಸುತ್ತಿನಲ್ಲೂ ಕಾಲು ತಿರುಗಿಸುತ್ತ ಒಂದು ಸಂಜೆ ಅದಕ್ಕೇ ಹೋಯಿತು.

ತುಕ್ಕಿನ ಕಬ್ಬಿಣದ ಸಾಮಾನೆಲ್ಲ ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು ಬೆರೆಸಿದ ಡ್ರಮ್ಮಿನಲ್ಲಿ ಎರಡು ವಾರ ಮುಳುಗಿಸಿದೆ. ವಾಸನೆಗೆ ಅಕ್ಕಪಕ್ಕದವರು ಬೈದರು, ಆದರೆ ಕಬ್ಬಿಣ ಬೂದು ಬಣ್ಣಕ್ಕೆ ಬಂತು. ಅಲ್ಯೂಮಿನಿಯಂ ಅದರೊಳಗೆ ಹಾಕಬೇಡಿ, ತಿಂದುಬಿಡುತ್ತದೆ. ಹಳೇ ಬಣ್ಣದಲ್ಲಿ ಸೀಸ, ಹಳೇ ಕ್ಲಚ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಎರಡನ್ನೂ ಒದ್ದೆ ಮಾಡಿಕೊಂಡೇ ಉಜ್ಜಿದೆ, ಗಾಳಿ ಹೊಡೆಯಲಿಲ್ಲ.

ಇಂಗ್ಲೆಂಡಿನಿಂದ ತರಿಸಿದ್ದು ಹೆಡ್ ಗ್ಯಾಸ್ಕೆಟ್ಟು ಮತ್ತು ಪಿಸ್ಟನ್ ರಿಂಗು ಮಾತ್ರ. ಹಗುರ ಸಾಮಾನು, ಅಂಚೆ ಖರ್ಚು ಕಡಿಮೆ.

ಪೆಟ್ರೋಲಿಗೆ ಎಣ್ಣೆ ಹಳೇ ಲೆಕ್ಕದಂತೆ 16ಕ್ಕೆ ಒಂದು, ಲೀಟರಿಗೆ 60 ಎಂಎಲ್ ಚಿಲ್ಲರೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ನೀರು ಎಳೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ನಲ್ಲಿ ಮುಚ್ಚಿ ಕಾರ್ಬ್ಯುರೇಟರ್ ಒಣಗುವವರೆಗೆ ಓಡಿಸುತ್ತೇನೆ, ಟ್ಯಾಂಕು ಖಾಲಿ ಮಾಡುತ್ತೇನೆ.

ಮಳೆ ಬಿಟ್ಟ ಮೇಲೆ ತೋಟಕ್ಕೆ ಒಯ್ದೆವು. ಏಳನೇ ಕಿಕ್ಕಿಗೆ ಹೊಗೆ ಉಗುಳಿ ಹಿಡಿದುಕೊಂಡಿತು. ಕ್ಲಚ್ ಬಿಟ್ಟು ಹಿಂದೆ ನಡೆದೆ. ಹೋದ ಸಾಲು ತಿಳಿ ಹಸಿರು, ಬಂದ ಸಾಲು ಕಡು ಹಸಿರು, ಹಿಂದಿನ ರೋಲರ್ ಹುಲ್ಲನ್ನು ಮಲಗಿಸಿದ ಗುರುತು. ಅಮ್ಮನವರು ಜಗಲಿಯ ಕಂಬ ಹಿಡಿದು ನಿಂತಿದ್ದರು. "ಮಾವನವರಿಗೆ ಕೇಳಬೇಕಿತ್ತು ಈ ಸದ್ದು" ಅಂದರು.

ಮುಂದೆ ಸಿಕ್ಕಿಸುವ ಹುಲ್ಲಿನ ಡಬ್ಬಿ ಮಾತ್ರ ಎಲ್ಲೂ ಸಿಕ್ಕಿಲ್ಲ. ಕೊಕ್ಕೆಯಿಂದ ಕೊಕ್ಕೆಗೆ ಅಳತೆ ತೆಗೆದು, ರಟ್ಟಿನಲ್ಲಿ ಅಚ್ಚು ಕತ್ತರಿಸಿ ತಗಡಿನ ಕೆಲಸದವರಿಗೆ ಕೊಟ್ಟಿದ್ದೇನೆ. ಮುಂದಿನ ವಾರ ಬನ್ನಿ ಅಂದಿದ್ದಾರೆ.