ಥೀಟಾ ವ್ಯಾಕ್ಯೂಮ್ ಅರ್ಥ ಆಗಬೇಕಾ? ಉಂಗುರದಿಂದ ಶುರು ಮಾಡಿ

ಥೀಟಾ ವ್ಯಾಕ್ಯೂಮ್ ಅಂದರೆ ಯಾಂಗ್-ಮಿಲ್ಸ್ ಸಿದ್ಧಾಂತದ (ಕ್ವಾರ್ಕ್‌ಗಳನ್ನು ಬೆಸೆಯುವಂಥ ಬಲಗಳ ಸಿದ್ಧಾಂತ) ಅತಿ ಕಡಿಮೆ ಶಕ್ತಿಯ ಸ್ಥಿತಿ. ಅದಕ್ಕಾಗಿ ನೇರವಾಗಿ ಇನ್‌ಸ್ಟಾಂಟಾನ್ (ಅದೇನು ಅಂತ ಕೊನೆಗೆ ಬರುತ್ತೆ) ಲೆಕ್ಕಕ್ಕೆ ಕೈ ಹಾಕಬೇಡಿ. ಮೊದಲು ಉಂಗುರದ ಮೇಲೆ ಓಡಾಡುವ, ವಿದ್ಯುದಾವೇಶ ಇರುವ ಒಂದೇ ಒಂದು ಕಣ ತಗೊಳ್ಳಿ, ಉಂಗುರದ ನಡುವಿನಿಂದ ಒಂದಿಷ್ಟು ಕಾಂತೀಯ ಫ್ಲಕ್ಸ್ ಹಾಯಿಸಿ, ಅದರ ಅಳತೆಯನ್ನು ಥೀಟಾ ಅಂತ ಕರೆಯಿರಿ. ಕಣದ ಚಲನೆಯ ಸಮೀಕರಣ ಇದರಿಂದ ಚೂರೂ ಬದಲಾಗಲ್ಲ. ಆದರೆ ಕ್ವಾಂಟಂ ಲೆಕ್ಕ ಬದಲಾಗುತ್ತೆ!

ಹೇಗೆ ಅಂತ ಕೈಯಾರೆ ಬರೆದು ನೋಡಿ. ಎನ್ ಒಂದು ಪೂರ್ಣಾಂಕ, ಮಟ್ಟದ ಶಕ್ತಿ (ಎನ್ − ಥೀಟಾ/2ಪೈ) ವರ್ಗದ ಅನುಪಾತದಲ್ಲಿರುತ್ತೆ. ಥೀಟಾ 0 ಆದರೆ ಎನ್ = 0 ಒಂದೇ ಎಲ್ಲಕ್ಕಿಂತ ಕೆಳಗೆ. ಥೀಟಾವನ್ನು ಪೈಗೆ ತಂದರೆ 0 ಮತ್ತು 1 ಎರಡಕ್ಕೂ 1/4 ಬರುತ್ತೆ, ಅಂದ್ರೆ ಗ್ರೌಂಡ್ ಸ್ಟೇಟ್ (ಅತಿ ಕಡಿಮೆ ಶಕ್ತಿಯ ಸ್ಥಿತಿ) ಎರಡು. 2ಪೈ ಮುಟ್ಟಿದಾಗ ಮಟ್ಟಗಳ ಪಟ್ಟಿ ಮೊದಲಿನಂತೆಯೇ, ಆದರೆ 0 ಇದ್ದ ಜಾಗದಲ್ಲಿ 1 ಕೂತಿರುತ್ತೆ. ಎಷ್ಟು ಚೆಂದ ಅಲ್ವಾ?

ಒಂದು ಕಡೆ ಹುಷಾರು. ಎನ್ ಅಂದರೆ ಸುತ್ತಿನ ಸಂಖ್ಯೆ ಅಲ್ಲ, ಅದು ಕೋನೀಯ ಸಂವೇಗದ ಸಂಖ್ಯೆ. ಟೋಪಾಲಜಿಯ ಸೆಕ್ಟರ್ ಅಂದರೆ ಪಾತ್ ಇಂಟಿಗ್ರಲ್‌ನಲ್ಲಿ (ಕಣ ಹಿಡಿಯಬಹುದಾದ ಎಲ್ಲ ದಾರಿಗಳನ್ನೂ ಕೂಡಿಸುವ ಲೆಕ್ಕ) ಕಣ ಉಂಗುರವನ್ನು ಎಷ್ಟು ಸಲ ಸುತ್ತಿತು ಅನ್ನೋದು, ಪ್ರತಿ ಸುತ್ತಿಗೂ ಥೀಟಾದಷ್ಟು ಫೇಸ್ ಸೇರುತ್ತೆ. ನಾನು ಇವೆರಡನ್ನೂ ಬಹಳ ದಿನ ಒಂದೇ ಅಂದುಕೊಂಡಿದ್ದೆ.

ಈಗ ಯಾಂಗ್-ಮಿಲ್ಸ್‌ಗೆ ಬನ್ನಿ. ಇಲ್ಲಿ ಸುತ್ತುವುದು ಕಣ ಅಲ್ಲ, ಬಲವನ್ನು ಹೊರುವ ಗೇಜ್ ಕ್ಷೇತ್ರ. ಪೂರ್ಣಾಂಕಗಳ ಹೆಸರಿಟ್ಟ ವ್ಯಾಕ್ಯೂಮ್‌ಗಳ ನಡುವೆ ಟನಲಿಂಗ್ (ಶಕ್ತಿಯ ತಡೆಯನ್ನು ಕ್ವಾಂಟಂ ರೀತಿಯಲ್ಲಿ ದಾಟುವುದು) ಮಾಡಿಸುವುದು 1975ರಲ್ಲಿ ಸಿಕ್ಕ ಇನ್‌ಸ್ಟಾಂಟಾನ್. ಅದರ ಆಕ್ಷನ್ 8ಪೈ²/ಜಿ² (ಜಿ ಅಂದರೆ ಬಲ ಎಷ್ಟು ಗಟ್ಟಿ ಅನ್ನೋ ಸಂಖ್ಯೆ), ಟನಲಿಂಗ್‌ನ ಪ್ರಮಾಣ e^(−8ಪೈ²/ಜಿ²)ನಂತೆ ಇರುತ್ತೆ, ಹಾಗಾಗಿ ಜಿಯ ಘಾತಗಳಲ್ಲಿ ಸರಣಿ ಬಿಡಿಸುತ್ತಾ ಹೋದರೆ ಇದು ಎಂದೂ ಕಾಣಲ್ಲ. ನಿಜವಾದ ವ್ಯಾಕ್ಯೂಮ್ ಇವೆಲ್ಲದರ ಬೆರಕೆ, ಒಂದೊಂದು ಹೆಜ್ಜೆಗೂ ಥೀಟಾ ಫೇಸ್ ಹಾಕಿ ಕೂಡಿಸಿದ್ದು.