ಆಷಾಢಕ್ಕೆ ಎತ್ತಿಟ್ಟ ಒಣಮೀನು: ನನ್ನ ಅನುಭವ

ಮೇ ತಿಂಗಳಲ್ಲಿ ಒಣಗಿಸಿದ ಮೀನನ್ನು ಮಳೆ ಹಿಡಿಯುವ ಮೊದಲೇ ಪೂರ್ತಿ ಮಾರಿಬಿಡುವುದು ನಮ್ಮ ಕೇರಿಯ ರೂಢಿ. ಅದರಲ್ಲಿ ಮೂರನೆಯ ಒಂದು ಪಾಲನ್ನು ಆಷಾಢಕ್ಕೆ ಉಳಿಸಿಕೊಂಡರೆ ಅಂಗಡಿಯ ಸಾಲ ತಪ್ಪುತ್ತದೆ ಎಂದು ನಾನು ಹೇಳಿದಾಗ, ಉಡುಪಿ ಜಿಲ್ಲೆಯ ಕಡಲತೀರದಲ್ಲಿ ಗಂಗೊಳ್ಳಿಯಿಂದ ಮರವಂತೆಯವರೆಗಿನ ಪರಿಚಯದ ಹೆಂಗಸರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಹುಳ ಹಿಡಿಯುವ ಸರಕನ್ನು ಮನೆಯೊಳಗೆ ಇಟ್ಟುಕೊಳ್ಳುವವರುಂಟೇ ಎಂದು ಕೇಳಿದರು. ಅವರಲ್ಲಿ ಹಲವರು ಈಗ ಒಟ್ಟಾಗಿ ಮೀನು ಒಣಗಿಸಿ ಎತ್ತಿಡುವ ನಮ್ಮ ಗುಂಪಿನಲ್ಲಿಯೇ ಇದ್ದಾರೆ.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಯಾಂತ್ರೀಕೃತ ದೋಣಿಗಳಿಗೆ ಮತ್ತು 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೆ ಮಾತ್ರ. ನಾಡದೋಣಿಗೆ ಅವಕಾಶವಿದ್ದರೂ ಕಡಲಿನ ಅಬ್ಬರ ತಗ್ಗದೆ ಇಳಿಯುವಂತಿಲ್ಲ. ಅನ್ನಭಾಗ್ಯದ ಅಕ್ಕಿ ಬರುವುದರಿಂದ ಗಂಜಿಗೆ ತೊಂದರೆಯಿಲ್ಲ. ಗಂಜಿಯ ಜೊತೆಗೆ ನಂಚಿಕೊಳ್ಳಲು ಏನೂ ಇರುವುದಿಲ್ಲ. ಬೇಳೆ, ಎಣ್ಣೆ, ತೆಂಗಿನಕಾಯಿ, ಮಕ್ಕಳ ಪುಸ್ತಕ ಎಲ್ಲವೂ ಜೂನ್‌ನಲ್ಲಿಯೇ ಎದುರಾಗುತ್ತವೆ, ಎಲ್ಲರ ಊಟವಾದ ಮೇಲೆ ಕೂರುವ ಹೆಂಗಸಿನ ಬಟ್ಟಲಿಗೆ ಉಪ್ಪಿನಕಾಯಿಯ ರಸವಷ್ಟೇ ಉಳಿಯುತ್ತದೆ. ನಮ್ಮ ಪಾಲಿನ 1,500 ರೂಪಾಯಿಗೆ ಸರ್ಕಾರದ 3,000 ಸೇರಿ ಸಿಗುವ, ಮೀನುಗಾರರ ಉಳಿತಾಯ-ಪರಿಹಾರ ಯೋಜನೆಯ ಹಣ ದೊಡ್ಡ ಆಸರೆಯೇ ಹೌದು. ಆದರೆ ಹಳೆಯ ಕಡ ತೀರಿಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಮೊದಲು ನಮ್ಮ ಬುಟ್ಟಿಗೆ ಬರುತ್ತಿದ್ದ ಸಣ್ಣ ಬೂತಾಯಿ ಈಗ ಮೀನಿನ ಹಿಟ್ಟು ಮಾಡುವ ಫಿಶ್‌ಮೀಲ್ ಕಾರ್ಖಾನೆಯ ಲಾರಿ ಹತ್ತುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೊದಲ ವರ್ಷದ ಸರಕು ಕೈಗೆ ಹತ್ತಲಿಲ್ಲ. ಮರಳಿನ ಮೇಲೆ ಒಣಗಿದ ಕೊಲ್ಲತರು ಎಂಬ ಸಣ್ಣ ಮೀನಿಗೆ ಜುಲೈ ಹೊತ್ತಿಗೆ ಕಪ್ಪು ಹುಳ ಬಿದ್ದು, ಚೀಲದ ತಳದಲ್ಲಿ ಹಿಟ್ಟು ಮಾತ್ರ ಉಳಿದಿತ್ತು. ಸುಮಾರು ಎಂಟು ಸಾವಿರ ರೂಪಾಯಿ ಹೋಯಿತು. ಮರುವರ್ಷ ಒಬ್ಬರ ಮಾತು ಕೇಳಿ ಪ್ಲಾಸ್ಟಿಕ್ ಹೊದಿಸಿದ ಗೂಡು ಕಟ್ಟಿಸಿದೆವು. ಮಧ್ಯಾಹ್ನದ ಕಾವಿಗೆ ಬಂಗುಡೆಯ ಮೇಲ್ಮೈ ಗಟ್ಟಿಯಾಗಿ, ಮುರಿದು ನೋಡಿದರೆ ಬೆನ್ನುಮೂಳೆಯ ಬಳಿ ಮಾಂಸ ಹಸಿಯಾಗಿಯೇ ಇತ್ತು, ಎರಡು ವಾರದಲ್ಲಿ ವಾಸನೆ ಬಂತು. ಗೂಡಿನ ಖರ್ಚು ಸಂಘದಲ್ಲಿ ಮಾಡಿದ್ದ ಸಾಲದ ಮೇಲೆ ಹೊರೆಯಾಗಿ ಕೂತಿತು, ಇಬ್ಬರು ಗುಂಪು ಬಿಟ್ಟರು.

ಕೊನೆಗೆ ಕೈಹಿಡಿದದ್ದು ಸೊಂಟದೆತ್ತರದ ಅಟ್ಟಣಿಗೆ. ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿಯ) ಮೇಲೆ ಹಳೆಯ ಬಲೆ ಬಿಗಿದು ಕೊಲ್ಲತರುವನ್ನು ತೆಳುವಾಗಿ ಹರಡಿದರೆ ಕೆಳಗಿನಿಂದಲೂ ಗಾಳಿಯಾಡುತ್ತದೆ, ಮರಳು ಅಂಟುವುದಿಲ್ಲ. ಒಳ್ಳೆಯ ಬಿಸಿಲಿದ್ದರೆ ಎರಡು ದಿನ ಸಾಕು. ಬೆರಳಲ್ಲಿ ಬಗ್ಗಿಸಿದಾಗ ಟಕ್ಕೆಂದು ಮುರಿಯಬೇಕು, ಬಾಗಿದರೆ ಇನ್ನೂ ಒಂದು ಬಿಸಿಲು ಬೇಕು. ಬಂಗುಡೆಗಾದರೆ ನಾಲ್ಕು ಕಿಲೋ ಮೀನಿಗೆ ಒಂದು ಕಿಲೋ ಉಪ್ಪು ಎಂಬ ಲೆಕ್ಕ. ಒಣಗಿದ್ದನ್ನು ಪೂರ್ತಿ ತಣಿಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ತಗಡಿನ ಡಬ್ಬಿಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಡಬ್ಬಿಯ ತಳಕ್ಕೆ ಏನು ಹಾಕುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಗುಂಪಿನ ಗುಟ್ಟು.

ನಡುವೆ ಒಣಸಿಗಡಿಯನ್ನು ಹುರಿದು ಮೆಣಸು, ಹುಣಸೆಯೊಂದಿಗೆ ಪುಡಿ ಮಾಡಿದ ಪ್ರಯೋಗ ನನಗೆ ಬಹಳ ಖುಷಿ ಕೊಟ್ಟಿತು. ಮಾರಾಟಕ್ಕೆ ಅದು ಹೆಚ್ಚು ಒದಗಲಿಲ್ಲ. ಆದರೆ ಒಂದು ಚಮಚ ಪುಡಿಯಲ್ಲಿ ಮಕ್ಕಳು ಬಟ್ಟಲು ಗಂಜಿ ಉಣ್ಣುವುದನ್ನು ಕಂಡ ಮೇಲೆ ಪ್ರತಿ ಮನೆಗೂ ಒಂದು ಭರಣಿ ಎಂದು ನಿಯಮ ಮಾಡಿದೆವು.

ನಾಲ್ಕು ಕಿಲೋ ಹಸಿ ಕೊಲ್ಲತರುವಿಗೆ ಒಂದು ಕಿಲೋ ಒಣಮೀನು ಸಿಗುತ್ತದೆ. ಮೇ ತಿಂಗಳಲ್ಲಿ ಕಿಲೋಗೆ ಸುಮಾರು 280 ಇದ್ದ ದರ ಆಷಾಢದಲ್ಲಿ 450ರ ಆಸುಪಾಸಿಗೆ ಏರಿತು, ಘಟ್ಟದ ಮೇಲಿನ ಹೊಸನಗರದ ಕಡೆಯವರು ಮಳೆಯಲ್ಲಿಯೇ ಬಂದು ಒಯ್ದರು. ಅಟ್ಟಣಿಗೆಗೆ ತಗುಲಿದ ಹದಿನಾಲ್ಕು ಸಾವಿರದಷ್ಟು ಹಣ ಒಂದೇ ಮಳೆಗಾಲದಲ್ಲಿ ಮರಳಿತು. ಎತ್ತಿಟ್ಟ ಪಾಲಿನಲ್ಲಿ ಅರ್ಧವನ್ನು ಮಾತ್ರ ಮಾರಬೇಕು, ಉಳಿದರ್ಧ ಮನೆಯ ಊಟಕ್ಕೆ ಎಂಬ ಕಟ್ಟುಪಾಡನ್ನು, ಎಷ್ಟೇ ದರ ಬಂದರೂ, ನಾನು ಸಡಿಲಿಸಿಲ್ಲ. ನಮ್ಮಲ್ಲಿ ಹೆಚ್ಚಿನ ಮನೆಗಳು ಕಳೆದ ಮಳೆಗಾಲದಲ್ಲಿ ಅಂಗಡಿಯ ಪುಸ್ತಕದಲ್ಲಿ ಹೆಸರು ಬರೆಸಲಿಲ್ಲ.

ಹೊಸದಾಗಿ ಮಾಡುವವರು ಏಪ್ರಿಲ್ ಮುಗಿಯುವುದರೊಳಗೆ ದಬ್ಬೆ, ಬಲೆ ಹೊಂದಿಸಿಕೊಳ್ಳಿ. ಮೇ ನಡುವಿನಲ್ಲಿ ಶುರುಮಾಡಿದ ಸರಕು ಮುಂಗಾರಿಗೆ ಮುಂಚಿನ ಮಳೆಗೆ ಸಿಕ್ಕುತ್ತದೆ.